ಭಂಗಿ ಗಿಡ: ನಾರು, ಬೀಜ, ಔಷಧ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಗಾಂಜಾದ ಹೆಸರು ಈಗ ಹೆಚ್ಚಾಗಿ ಕೇಳಿಬರುವುದು ಪೊಲೀಸ್ ಸುದ್ದಿಯಲ್ಲಿ. ಅದೇ ಭಂಗಿ ಗಿಡ ಬೇರೆ ದೇಶಗಳಲ್ಲಿ ಮೂರ್ಛೆರೋಗದ ಮಕ್ಕಳಿಗೆ ಔಷಧ, ನೇಕಾರರಿಗೆ ನೂಲು, ಅಡುಗೆಗೆ ಎಣ್ಣೆ ಕೊಡುತ್ತಿದೆ. ಸರ್ವರೋಗಕ್ಕೂ ಇದೇ ಮದ್ದು ಎನ್ನುವವರಿದ್ದಾರೆ, ಹೆಸರೆತ್ತಿದರೇ ತಪ್ಪು ಎನ್ನುವವರೂ ಇದ್ದಾರೆ. ಈ ಗಿಡದ ಬಗ್ಗೆ ಇದುವರೆಗೆ ಏನೇನು ತಿಳಿದುಬಂದಿದೆ, ಕಾನೂನು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ.

ನಾರಿನ ಗಿಡಗಳು

ನಮ್ಮ ಎರೆಭೂಮಿಯಲ್ಲಿ ಹಗ್ಗ, ಕಣ್ಣಿ, ನೆಲುವಿಗೆ ನಾರು ಒದಗಿಸಿದ್ದು ಪುಂಡಿ ಮತ್ತು ಸೆಣಬು. ಪುಂಡಿ ಬೆಂಡೆಯ ಬಳಗದ್ದು. ಎಳೆಯ ಸೊಪ್ಪು ಜೋಳದ ರೊಟ್ಟಿಗೆ ಪಲ್ಲೆಯಾದರೆ, ಬಲಿತ ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸುತ್ತಿದ್ದರು. ಇದರ ಎಲೆ ಭಂಗಿಯ ಎಲೆಯನ್ನು ಹೋಲುವುದರಿಂದ ಸಸ್ಯವಿಜ್ಞಾನಿಗಳು ಹಿಬಿಸ್ಕಸ್ ಕ್ಯಾನಬಿನಸ್ ಎಂದು ಹೆಸರಿಟ್ಟರು. ಸೆಣಬು ದ್ವಿದಳ ಜಾತಿಯದು, ಹಸಿರೆಲೆ ಗೊಬ್ಬರವಾಗಿಯೂ ಹೊಲಕ್ಕೆ ಬಲ ಕೊಡುತ್ತದೆ. ಈ ಎರಡರಲ್ಲೂ ಅಮಲಿನ ಅಂಶವಿಲ್ಲ, ಬೆಳೆಯಲು ಅಡ್ಡಿಯೂ ಇಲ್ಲ.

ಈಗ ಹೆಂಪ್ ಎಂದು ಮಾರುಕಟ್ಟೆಗೆ ಬಂದಿರುವುದು ಭಂಗಿಯದೇ ಜಾತಿ, ಕ್ಯಾನಬಿಸ್ ಸಟೈವಾ. ಅಮಲು ತರುವ ಟಿಎಚ್‌ಸಿ ಅಂಶ ಶೇ 0.3 ಮೀರದ ತಳಿಗಳನ್ನು ಹಲವು ದೇಶಗಳು ಹೆಂಪ್ ಎಂದು ಪರಿಗಣಿಸುತ್ತವೆ. ಕಾಂಡದ ತೊಗಟೆಯಿಂದ ಬಟ್ಟೆ, ಹಗ್ಗ, ಕಾಗದ ತಯಾರಾಗುತ್ತವೆ. ಒಳಗಿನ ದಂಟನ್ನು ಪುಡಿಮಾಡಿ ಸುಣ್ಣದೊಂದಿಗೆ ಕಲಸಿ ಹಗುರವಾದ ಗೋಡೆ ಕಟ್ಟುತ್ತಾರೆ. ಬೀಜದಲ್ಲಿ ಸುಮಾರು ಕಾಲುಭಾಗ ಪ್ರೋಟೀನ್, ಮೂರನೇ ಒಂದು ಭಾಗದಷ್ಟು ಎಣ್ಣೆ ಇರುತ್ತದೆ. ಬೀಜಕ್ಕೆ ಅಮಲಿಲ್ಲ.

ವೈದ್ಯರ ಕೈಯಲ್ಲಿ

ಆಯುರ್ವೇದದಲ್ಲಿ ಇದಕ್ಕೆ ವಿಜಯಾ, ಭಂಗಾ ಎಂಬ ಹೆಸರುಗಳಿವೆ. ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯಕ್ಕೆ ಶಾರ್ಙ್ಗಧರ ಸಂಹಿತೆ ಕೊಡುವ ಉದಾಹರಣೆ ಭಂಗಿ ಮತ್ತು ಅಫೀಮು. ಗ್ರಹಣಿಗೆ ಕೊಡುವ ಜಾತೀಫಲಾದಿ ಚೂರ್ಣದಲ್ಲಿ ಭಂಗಿ ಸೇರುತ್ತದೆ. ಆದರೆ ಹಸಿ ಸೊಪ್ಪನ್ನು ಹಾಗೆಯೇ ಬಳಸುವಂತಿಲ್ಲ. ತೊಳೆದು, ತುಪ್ಪದಲ್ಲಿ ಹುರಿದು ಶೋಧನೆ ಮಾಡಿದ ಮೇಲೆಯೇ, ಅದೂ ಅಳತೆ ಹಿಡಿದು ಕೊಡಬೇಕು. ಔಷಧ ನಿಯಮಗಳ ಇ-1 ಅನುಸೂಚಿಯೂ ಭಂಗಿಯನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ವೈದ್ಯರ ಮೇಲ್ವಿಚಾರಣೆ ಕಡ್ಡಾಯ ಎನ್ನುತ್ತದೆ.

1839ರಲ್ಲಿ ಕಲ್ಕತ್ತೆಯ ವೈದ್ಯ ವಿಲಿಯಂ ಓಶಾನೆಸ್ಸಿ ಧನುರ್ವಾಯು, ಸಂಧಿವಾತ, ಹಸುಗೂಸಿನ ಸೆಳೆತ ಮುಂತಾದವುಗಳಿಗೆ ಇದನ್ನು ಪ್ರಯೋಗಿಸಿ ಬರೆದ ವರದಿಯಿಂದ ಯುರೋಪಿನ ವೈದ್ಯರ ಗಮನ ಇತ್ತ ಹರಿಯಿತು. 1893-94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಹೆಂಪ್ ಡ್ರಗ್ಸ್ ಆಯೋಗ ದೇಶದಾದ್ಯಂತ 1,193 ಸಾಕ್ಷಿಗಳಿಂದ ವಿಷಯ ಸಂಗ್ರಹಿಸಿತು. ಆಗ ಗದಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು. ಮಿತಬಳಕೆಯಿಂದ ಹೆಚ್ಚಿನ ಹಾನಿಯಿಲ್ಲ, ಅತಿಬಳಕೆ ಕೆಡುಕು, ಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ನಿಯಂತ್ರಣ ಲೇಸು ಎಂಬುದು ಆಯೋಗದ ತೀರ್ಮಾನ.

ಪ್ರಯೋಗಾಲಯದಿಂದ ಆಸ್ಪತ್ರೆಗೆ

ಗಿಡದ ಗುಣ ಯಾವ ರಾಸಾಯನಿಕದ್ದು ಎಂಬುದು ಬಹುಕಾಲ ತಿಳಿದಿರಲಿಲ್ಲ. ಇಸ್ರೇಲಿನ ರಫಾಯೆಲ್ ಮೆಶುಲಂ 1963ರಲ್ಲಿ ಗಿಡದ ಇನ್ನೊಂದು ಅಂಶವಾದ ಸಿಬಿಡಿಯ ರಚನೆಯನ್ನು ಬಿಡಿಸಿಟ್ಟರು. ಮರುವರ್ಷ ಯೆಹಿಯೆಲ್ ಗವೋನಿ ಅವರೊಂದಿಗೆ ಟಿಎಚ್‌ಸಿಯನ್ನು ಪ್ರತ್ಯೇಕಿಸಿದರು. ಅಮಲು ಟಿಎಚ್‌ಸಿಯದು, ಸಿಬಿಡಿಯದಲ್ಲ ಎಂಬ ತಿಳಿವಳಿಕೆ ಬೇರೂರಿದ್ದು ಹೀಗೆ. ಇವುಗಳಿಗೆ ಸ್ಪಂದಿಸುವ ಗ್ರಾಹಕಗಳು ಮೆದುಳಿನಲ್ಲಿವೆ ಎಂಬುದು 1988ರಲ್ಲಿ ಖಚಿತವಾಯಿತು. ನಮ್ಮ ದೇಹವೇ ಅಂಥ ವಸ್ತುವನ್ನು ತಯಾರಿಸುತ್ತದೆ ಎಂಬುದು 1992ರಲ್ಲಿ ಗೊತ್ತಾಯಿತು.

ಅತ್ಯಂತ ಗಟ್ಟಿಯಾದ ಸಾಕ್ಷ್ಯ ಸಿಕ್ಕಿರುವುದು ಮಕ್ಕಳ ಮೂರ್ಛೆರೋಗದಲ್ಲಿ. ಡ್ರವೆ ಸಿಂಡ್ರೋಮ್ ಇರುವ 120 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಿಬಿಡಿ ಪಡೆದವರ ತಿಂಗಳ ಸೆಳೆತಗಳ ಮಧ್ಯಮ ಸಂಖ್ಯೆ 12.4ರಿಂದ 5.9ಕ್ಕೆ ಇಳಿಯಿತು. ಹುಸಿಮದ್ದು ಪಡೆದವರಲ್ಲಿ ಅದು 14.9ರಿಂದ 14.1ಕ್ಕೆ ಮಾತ್ರ ಇಳಿಯಿತು. 2018ರಲ್ಲಿ ಅಮೆರಿಕ ಎಪಿಡಿಯೊಲೆಕ್ಸ್ ಎಂಬ ಸಿಬಿಡಿ ಔಷಧಕ್ಕೆ ಅನುಮತಿ ಕೊಟ್ಟಿತು. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಕೃತಕ ಟಿಎಚ್‌ಸಿ 1985ರಿಂದಲೇ ಅಲ್ಲಿ ಬಳಕೆಯಲ್ಲಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯು ಬಿಗಿತಕ್ಕೆ ಸ್ಯಾಟಿವೆಕ್ಸ್ ಎಂಬ ಬಾಯಿ ಸ್ಪ್ರೇಗೆ ಬ್ರಿಟನ್ 2010ರಲ್ಲಿ ಒಪ್ಪಿಗೆ ನೀಡಿತು.

ದೀರ್ಘಕಾಲದ ನೋವಿನ ವಿಷಯದಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಪರಿಣಾಮವಿದೆ ಎಂದವು, 2021ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ಶಿಫಾರಸು ಮಾಡುವಷ್ಟು ಪುರಾವೆಯಿಲ್ಲ ಎಂದಿತು. ಕ್ಯಾನ್ಸರನ್ನೇ ಗುಣಪಡಿಸುತ್ತದೆ ಎಂಬ ಮಾತಿಗೆ ಮನುಷ್ಯರಲ್ಲಿ ಆಧಾರ ಸಿಕ್ಕಿಲ್ಲ. ಅಡ್ಡಪರಿಣಾಮಗಳೂ ಇವೆ. ಸಿಬಿಡಿ ಯಕೃತ್ತಿನ ಮೇಲೆ ಪರಿಣಾಮ ಬೀರಬಲ್ಲದು, ವಾಲ್ಪ್ರೊಯೇಟ್ ಜೊತೆ ಕೊಟ್ಟಾಗ ಅಪಾಯ ಹೆಚ್ಚು. ಹರೆಯದಲ್ಲಿ ಟಿಎಚ್‌ಸಿಯ ಅತಿಬಳಕೆ ಮಾನಸಿಕ ಕಾಯಿಲೆಗೆ ದಾರಿಯಾಗಬಹುದು. ಗರ್ಭಿಣಿಯರು ಮುಟ್ಟಲೇಬಾರದು.

ಕಾನೂನಿನ ದಾರಿ

ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎನ್ನುವುದು ಗಿಡದ ಹೂವು-ಕಾಯಿ ಬಿಟ್ಟ ತುದಿಯನ್ನು. ತುದಿಯಿಂದ ಬೇರ್ಪಟ್ಟ ಎಲೆ, ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. ಇದೇ ಆಧಾರದ ಮೇಲೆ, ಬೆಂಗಳೂರಿನಲ್ಲಿ 29 ಕಿಲೋ ಭಂಗಿ ಸಿಕ್ಕ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಆರೋಪಿಗೆ ಜಾಮೀನು ನೀಡಿತು. ಇದನ್ನು ಗಿಡ ಬೆಳೆಯಲು ಸಿಕ್ಕ ಪರವಾನಗಿ ಎಂದು ಯಾರೂ ತಿಳಿಯಬಾರದು. ಅನುಮತಿಯಿಲ್ಲದೆ ಬೆಳೆದರೆ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಅನುಮತಿ ನೀಡುವ ಅವಕಾಶ ಕಾಯ್ದೆಯ 14ನೇ ಕಲಮಿನಲ್ಲಿದೆ. ಅದನ್ನು ಮೊದಲು ಬಳಸಿಕೊಂಡ ರಾಜ್ಯ ಉತ್ತರಾಖಂಡ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ 27-25 ಮತಗಳಿಂದ ಈ ಗಿಡವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯಿತು, ಭಾರತ ಪರವಾಗಿ ಮತ ಹಾಕಿತು. 2021ರ ನವೆಂಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರವೆಂದು ಒಪ್ಪಿ, ಬೀಜದಲ್ಲಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ ಮೀರಬಾರದು ಎಂದು ಗೊತ್ತುಪಡಿಸಿತು.

ನಮ್ಮ ಸೀಮೆಗೆ ಏನು?

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದುದು, 2019ರಲ್ಲಿ ವನ್ಯಜೀವಿಧಾಮವೂ ಆಯಿತು. ಗದಗಿನಲ್ಲಿ ಆಯುರ್ವೇದ ಕಾಲೇಜು, ಸರ್ಕಾರಿ ವೈದ್ಯಕೀಯ ಕಾಲೇಜು ಎರಡೂ ಇವೆ, ಕೃಷಿ ವಿಶ್ವವಿದ್ಯಾಲಯ ಪಕ್ಕದ ಧಾರವಾಡದಲ್ಲಿದೆ. ಸರ್ಕಾರದ ಅನುಮತಿ ಪಡೆದು ಕಡಿಮೆ ಟಿಎಚ್‌ಸಿ ತಳಿಗಳನ್ನು ಎರೆಭೂಮಿಯಲ್ಲಿ ಪರೀಕ್ಷಿಸುವ, ಶೋಧಿತ ವಿಜಯಾದ ಯೋಗಗಳನ್ನು ರೋಗಿಗಳ ಒಪ್ಪಿಗೆಯೊಂದಿಗೆ ಶಾಸ್ತ್ರಬದ್ಧವಾಗಿ ಅಳೆಯುವ ಕೆಲಸಕ್ಕೆ ಇಷ್ಟು ಸಾಧನ ಒಂದೆಡೆ ಸಿಗುವುದು ಅಪರೂಪ.

ಅಲ್ಲಿಯವರೆಗೆ ರೈತರು ಪುಂಡಿ, ಸೆಣಬನ್ನು ನಿಶ್ಚಿಂತೆಯಿಂದ ಬೆಳೆಯಲಿ, ಭಂಗಿಯ ಬೀಜ ಬಿತ್ತುವ ದುಡುಕು ಬೇಡ. ಫಿಟ್ಸ್ ಬರುವ ಮಗುವಿನ ತಂದೆ-ತಾಯಿ ಆನ್‌ಲೈನ್ ಎಣ್ಣೆಯನ್ನು ನಂಬಿ ನಡೆಯುತ್ತಿರುವ ಮಾತ್ರೆ ನಿಲ್ಲಿಸಬಾರದು, ನರರೋಗ ತಜ್ಞರನ್ನು ಕೇಳಿಯೇ ಹೆಜ್ಜೆ ಇಡಬೇಕು. ಶೋಧನೆ, ಅಳತೆ, ವೈದ್ಯರ ನಿಗಾ ಮೂರೂ ಇದ್ದಾಗ ಮಾತ್ರ ಇದು ಮದ್ದು.