ಹಳತಾದಷ್ಟೂ ಬೆಲೆ ಏರುವ ಚಹಾ

ಮನೆಯ ಚಹಾಪುಡಿ ಹಳತಾದರೆ ಘಮ ಹೋಯಿತೆಂದು ನಾವು ಎಸೆಯುತ್ತೇವೆ. ಚೀನಾದ ಯುನ್ನಾನ್ ಪ್ರಾಂತ್ಯದ ಪು-ಅರ್ ಚಹಾದ ಲೆಕ್ಕವೇ ಬೇರೆ. ಅದು ಹಳತಾದಷ್ಟೂ ದುಬಾರಿ.

ಹಿಂದೆ ಈ ಎಲೆಯನ್ನು ಆವಿಯಲ್ಲಿ ಮೆದು ಮಾಡಿ, ಬಿಲ್ಲೆಯಂತೆ ಒತ್ತಿ, ಕುದುರೆ, ಹೇಸರಗತ್ತೆಗಳ ಮೇಲೆ ಡಾಲಿ, ಲಿಜಿಯಾಂಗ್ ದಾಟಿಸಿ ಟಿಬೆಟ್‌ನ ಲಾಸಾವರೆಗೆ ಒಯ್ಯುತ್ತಿದ್ದರು. ತಿಂಗಳುಗಟ್ಟಲೆಯ ದಾರಿಯಲ್ಲಿ ಬಿಸಿಲು, ತೇವ ತಾಗಿ ಎಲೆ ಮಾಗುತ್ತಿತ್ತು ಎನ್ನುತ್ತಾರೆ.

ಹೊಸ ಬಿಲ್ಲೆಯ ಚಹಾ ಹಳದಿ; ಬಾಯಿಗೆ ಕಹಿ, ಒಗರು. ಇಪ್ಪತ್ತು ವರ್ಷ ಇಟ್ಟರೆ ಬಣ್ಣ ಕೆಂಗಂದಾಗುತ್ತದೆ, ಒಗರು ಇಳಿಯುತ್ತದೆ, ಹಳೇ ಮರದ, ಕೆಲವೊಮ್ಮೆ ಕರ್ಪೂರದ ವಾಸನೆ ಬರುತ್ತದೆ.

ಅಷ್ಟು ವರ್ಷ ಕಾಯುವವರು ಯಾರು? 1973ರಲ್ಲಿ ಕುನ್ಮಿಂಗ್‌ನ ಚಹಾ ಕಾರ್ಖಾನೆ ಬೇರೆ ದಾರಿ ಹುಡುಕಿತು. ಎಲೆ ರಾಶಿ ಹಾಕಿ, ನೀರು ಚಿಮುಕಿಸಿ, ಮುಚ್ಚಿಟ್ಟರು. ತಿಪ್ಪೆಯಂತೆ ಒಳಗೇ ಬಿಸಿಯೇರುತ್ತದೆ, ಆಗಾಗ ಮಗುಚಬೇಕು. ಸುಮಾರು ಎರಡು ತಿಂಗಳಲ್ಲಿ ಚಹಾ ಸಿದ್ಧ. ಬಣ್ಣ ಕಡುಕಪ್ಪು, ರುಚಿ ಮೆತ್ತಗೆ, ವಾಸನೆ ಒದ್ದೆ ಮಣ್ಣಿನದು. ಹಾಗಾಗಿ ಬಣ್ಣ ನೋಡಿ ವಯಸ್ಸು ಹೇಳಲಾಗದು.

ಮುಂದೆ ಈ ವಯಸ್ಸಿನ ಮೇಲೆಯೇ ವ್ಯಾಪಾರ ಹುಟ್ಟಿತು. ಮುಂದೆ ಬೆಲೆ ಬರುತ್ತದೆಂದು ಜನ ಬಿಲ್ಲೆಗಳನ್ನು ಕೊಂಡು ಗೋದಾಮು ತುಂಬಿದರು. 2007ರಲ್ಲಿ ಬೆಲೆ ಆಕಾಶಕ್ಕೇರಿತು. ಅದೇ ವರ್ಷ ಕುಸಿಯಿತು. ಮೆಂಗ್‌ಹಾಯ್ ಕಡೆ ಚಹಾ ನಂಬಿದ್ದ ಕೆಲ ರೈತರು ಮತ್ತೆ ಭತ್ತ, ಜೋಳಕ್ಕೆ ಮರಳಿದರು.

ಕೊಂಡವರು ಬಿಲ್ಲೆಯನ್ನು ಇಪ್ಪತ್ತು ವರ್ಷ ಇಟ್ಟುಕೊಂಡಾರು. ಎಲೆ ಕಿತ್ತವರ ಮನೆ ನಡೆಯುವುದು ಆ ವರ್ಷದ ಬೆಲೆಯಿಂದಲೇ.