ಜನಸ್ವಭಾವದ ಕಲ್ಪನೆಯೂ ಹಲಗಲಿಯ ಬೇಡರೂ

ಒಂದು ನಾಡಿನವರೆಲ್ಲರಿಗೂ ಒಂದೇ ಸ್ವಭಾವವನ್ನು ಆರೋಪಿಸುವುದು ಬಹು ಪ್ರಾಚೀನವಾದ ವಾಡಿಕೆ. ಕ್ರಿ.ಶ. 900ರ ಸುಮಾರಿನಲ್ಲಿದ್ದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಆಯಾ ದೇಶದವರ ಕಾವ್ಯಪಠನದ ಬಗೆಯನ್ನು ವಿವರಿಸುತ್ತ, ರಸ ರೀತಿ ಗುಣಗಳು ಯಾವುವೇ ಆಗಿರಲಿ, ಕರ್ಣಾಟರು ಮಾತ್ರ ಗರ್ವದಿಂದ, ಕೊನೆಯಲ್ಲಿ ಟಂಕಾರವೆತ್ತಿ ಓದುವರೆಂದು ಹೇಳಿದ್ದಾನೆ. ಅದಕ್ಕೆ ಅರ್ಧ ಶತಮಾನ ಹಿಂದಿನ ‘ಕವಿರಾಜಮಾರ್ಗ’ವು ಈ ಜನರನ್ನೇ ಅಭಿಮಾನಿಗಳೆಂದೂ ಉಗ್ರರೆಂದೂ ಹೊಗಳಿದ್ದಿತು. ಎರಡೂ ಒಂದೇ ಗುಣದ ಮಾತು. ಆದರೆ ಒಂದು ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ್ದು; ಇನ್ನೊಂದನ್ನು ಬರೆದವನು ಅವರ ವೈರಿಗಳಾದ ಗುರ್ಜರ ಪ್ರತೀಹಾರರ ಆಶ್ರಯದಲ್ಲಿದ್ದವನು. ಮನೆಯವನಿಗೆ ಅಭಿಮಾನವಾಗಿ ಕಂಡದ್ದು ಹಗೆಯ ಮನೆಯಲ್ಲಿದ್ದವನಿಗೆ ಗರ್ವವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕಾವ್ಯದ ಮಾತಿನಲ್ಲಿ ಇದು ವಿನೋದವಾಗಿಯೇ ಉಳಿಯಬಹುದು. ಆಳುವವರ ಕಡತದಲ್ಲಿ ಹಾಗಲ್ಲ. ಅದಕ್ಕೆ ನಿದರ್ಶನವು ರನ್ನನ ಊರೆಂದು ಪ್ರಸಿದ್ಧವಾದ ಮುಧೋಳದ ಸೀಮೆಯಲ್ಲಿಯೇ, ಹಲಗಲಿಯೆಂಬ ಗ್ರಾಮದಲ್ಲಿ ದೊರೆಯುತ್ತದೆ.

ಬೇಡರನ್ನು ಕುರಿತ ಇಂಗ್ಲಿಷ್ ಬರಹಗಳಲ್ಲಿ ಕೊಳ್ಳೆಹೊಡೆಯುವವರು, ಪುಂಡರು ಎಂಬ ಅರ್ಥದ ಮಾತುಗಳು ಮೇಲಿಂದ ಮೇಲೆ ಬರುತ್ತವೆ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಆ ಲೇಖಕರಿಗೆ ಬೇಡರ ಪರಿಚಯವಾದದ್ದು ಬಹುಮಟ್ಟಿಗೆ ರಣರಂಗದಲ್ಲಿ, ಇಲ್ಲವೆ ದಂಡನೆಯ ಸಂದರ್ಭದಲ್ಲಿ. ಚಿತ್ರದುರ್ಗ, ಸುರಪುರಗಳಲ್ಲಿ ಇದೇ ಜನರು ರಾಜ್ಯವಾಳಿದರೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಆದರೂ ಕತ್ತಿ ಹಿಡಿದ ಕೈಯಲ್ಲದೆ ಬೇರೊಂದು ಅವರ ಕಣ್ಣಿಗೆ ಬೀಳಲಿಲ್ಲ.

1857ರಲ್ಲಿ ಕಂಪನಿ ಸರಕಾರವು ಪರವಾನಗಿಯಿಲ್ಲದೆ ಆಯುಧಗಳನ್ನು ಇಟ್ಟುಕೊಳ್ಳಕೂಡದೆಂದು ಕಾಯಿದೆ ಮಾಡಿತು. ಬೇಟೆಗೂ ಕಾವಲಿಗೂ ಆಯುಧವನ್ನೇ ನಂಬಿದ್ದ ಹಲಗಲಿಯ ಬೇಡರು ಅವನ್ನು ಒಪ್ಪಿಸಲು ನಿರಾಕರಿಸಿದರು. ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ನಿನ್ನೆಯವರೆಗೆ ಕುಲವೃತ್ತಿಯ ಉಪಕರಣವಾಗಿದ್ದದ್ದು ಒಂದು ಆಜ್ಞೆಯಿಂದ ಅಪರಾಧದ ಗುರುತಾಯಿತು. ಜನರು ಬದಲಾಗಿರಲಿಲ್ಲ, ಕಾನೂನು ಬದಲಾಗಿತ್ತು; ಆದರೆ ದೋಷವು ಜನರ ಹುಟ್ಟುಗುಣದ ಲೆಕ್ಕಕ್ಕೆ ಸೇರಿತು.

ಈ ಪ್ರಸಂಗವನ್ನು ಹಾಡುವ ಲಾವಣಿಯೊಂದನ್ನು ಜೆ. ಎಫ್. ಫ್ಲೀಟನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನು. ಜಡಗ, ಬಾಲ, ಹನುಮ, ರಾಮರ ಪರಾಕ್ರಮವೇ ಅದರಲ್ಲಿ ವಾಚಕರ ಗಮನವನ್ನು ಮೊದಲು ಸೆಳೆಯುತ್ತದೆ. ಇತಿಹಾಸಕ್ಕೆ ಅದಕ್ಕಿಂತ ಬೆಲೆಯುಳ್ಳ ಭಾಗ ಮತ್ತೊಂದಿದೆ: ದಂಡಿನವರು ಸುಲಿದೊಯ್ದ ಸಾಮಾನುಗಳ ಎಣಿಕೆ. ಅಲ್ಲಿ ನೇಗಿಲಿನ ಕುಡವಿದೆ, ಕೊಡಲಿಯಿದೆ. ಹಾಲು ಮೊಸರು, ಉಪ್ಪು ಎಣ್ಣೆ, ಬೀಸುವ ಕಲ್ಲು, ಕಡೆಗೆ ಮಂಗಳಸೂತ್ರವೂ ಇದೆ. ಇದು ಕಳ್ಳರ ಗವಿಯ ಪಟ್ಟಿಯಲ್ಲ, ಒಕ್ಕಲುತನದ ಮನೆಯ ಪಟ್ಟಿ. ಲಾವಣಿಕಾರನಿಗೆ ವಾದ ಹೂಡುವ ಉದ್ದೇಶವಿದ್ದಂತೆ ತೋರುವುದಿಲ್ಲ. ಆದುದರಿಂದಲೇ ಈ ಸಾಕ್ಷ್ಯವು ಹೆಚ್ಚು ನಂಬತಕ್ಕದ್ದಾಗಿದೆ. ಹಾಗೆಂದು ಲಾವಣಿಯು ಪಕ್ಷಪಾತವಿಲ್ಲದ್ದೆಂದು ಹೇಳಲಾಗದು. ಬೇಡರೆಂದರೆ ಹುಟ್ಟುವೀರರೆಂಬ ಈಚಿನ ಹೊಗಳಿಕೆಗೂ ಅದರಿಂದ ಪುಷ್ಟಿ ದೊರೆತಿದೆ. ಆ ಹೊಗಳಿಕೆಯಲ್ಲಿಯೂ ನೇಗಿಲಿನ ಕುಡವು ಮರೆಯಾಗುತ್ತದೆ.

1884ರಲ್ಲಿ ಪ್ರಕಟವಾದ ಬಿಜಾಪುರದ ಗ್ಯಾಸೆಟಿಯರು ಜಾತಿಜಾತಿಗೂ ದುಡಿಮೆಗಾರರು, ಮಿತವ್ಯಯಿಗಳು ಎಂಬಂತಹ ವಿಶೇಷಣಗಳನ್ನು ಹಂಚುತ್ತ ಹೋಗುತ್ತದೆ. ಬರಿಯ ವಿಶೇಷಣದಿಂದ ಯಾರಿಗೂ ಶಿಕ್ಷೆಯಾಗಲಿಲ್ಲವೆನ್ನಬಹುದು. ಆದರೆ ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗಣಿಸುವ ಕಾಯಿದೆಯು 1871ರಲ್ಲಿಯೇ ಉತ್ತರ ಹಿಂದುಸ್ತಾನದಲ್ಲಿ ಜಾರಿಗೆ ಬಂದಿತ್ತು. 1911ರಲ್ಲಿ ಅದು ಬ್ರಿಟಿಷ್ ಇಂಡಿಯಕ್ಕೆಲ್ಲ ವ್ಯಾಪಿಸಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ.