ಬಂದೂಕು ಹಿಡಿದವರು ಯಾರು, ಮಾತುಕತೆಗೆ ಕೂತವರು ಯಾರು?

ಗೆಳೆಯರೇ, ‘ಫಾರ್ ಗ್ರೇಟರ್ ಗ್ಲೋರಿ’ ಅಂತ 2012ರ ಒಂದು ಸಿನಿಮಾ ಇದೆ. ಡೀನ್ ರೈಟ್ ನಿರ್ದೇಶನ, ಆಂಡಿ ಗಾರ್ಸಿಯಾ ನಾಯಕ. ಮೆಕ್ಸಿಕೋದಲ್ಲಿ 1926ರಿಂದ 1929ರವರೆಗೆ ನಡೆದ ಕ್ರಿಸ್ತೆರೊ ದಂಗೆಯ ಕಥೆ. ಸರ್ಕಾರ ಕ್ಯಾಥೊಲಿಕ್ಕರನ್ನು ಹಿಂಸಿಸಿತು, ಅವರು ತಿರುಗಿಬಿದ್ದರು ಅಂತ ಸಿನಿಮಾ ಹೇಳುತ್ತೆ. ಅದು ಸುಳ್ಳಲ್ಲ. ಆದ್ರೆ ನಾವು ಕೇಳಬೇಕಾದ ಜಮೀನಿನ ಪ್ರಶ್ನೆ ಮಾತ್ರ ಅಲ್ಲಿ ಸಿಗೋದು ಕಷ್ಟ.

ಮೆಕ್ಸಿಕೋ ಕ್ರಾಂತಿಯಿಂದ ಹುಟ್ಟಿದ 1917ರ ಸಂವಿಧಾನದ 27ನೇ ವಿಧಿ ಜಮೀನು ಹಂಚುವ ದಾರಿ ತೆರೆಯಿತು. ಅದೇ ಸಂವಿಧಾನದ 130ನೇ ವಿಧಿ ಪಾದ್ರಿಗಳ ಮತದಾನದ ಹಕ್ಕು ಕಿತ್ತುಕೊಂಡಿತು. 1926ರಲ್ಲಿ ಅಧ್ಯಕ್ಷ ಕಾಯೆಸ್ ಇದಕ್ಕೆ ಶಿಕ್ಷೆಯ ಹಲ್ಲು ಕೂಡಿಸಿದ. ಪಾದ್ರಿ ನಿಲುವಂಗಿ ಹಾಕಿ ಬೀದಿಗೆ ಬಂದ್ರೆ 500 ಪೆಸೊ ದಂಡ, ಸರ್ಕಾರವನ್ನು ಟೀಕಿಸಿದ್ರೆ ಐದು ವರ್ಷ ಜೈಲು. ಪ್ರತಿಭಟನೆಯಾಗಿ ಬಿಷಪ್ಪರು ಚರ್ಚುಗಳಲ್ಲಿ ಪೂಜೆಯನ್ನೇ ನಿಲ್ಲಿಸಿದರು. ಮಗುವಿನ ದೀಕ್ಷಾಸ್ನಾನಕ್ಕೂ ಸಾಯುವವರ ಕೊನೆಯ ಪ್ರಾರ್ಥನೆಗೂ ಪಾದ್ರಿ ಸಿಗದ ಹಳ್ಳಿಗಳು ದಂಗೆ ಎದ್ದವು. ಹಾಲಿಸ್ಕೊ, ಮಿಚೊಆಕಾನ್, ಗುವಾನಾಹ್ವಾತೊ ಕಡೆಯ ರೈತರೇ ಹೆಚ್ಚು. ಹೆಂಗಸರು ಗುಂಡುಗಳನ್ನು ಬಟ್ಟೆಯೊಳಗೆ ಬಚ್ಚಿಟ್ಟು ಸಾಗಿಸಿದರು.

ಎದುರಿಗೆ ನಿಂತವರು ಯಾರು? ಬರೀ ಸೈನಿಕರಲ್ಲ. ಸರ್ಕಾರದಿಂದ ಜಮೀನು ಪಡೆದ ಬಡ ರೈತರೂ ಇದ್ದರು. ಅವರನ್ನು ಅಗ್ರಾರಿಸ್ತಾ ಅಂತಿದ್ರು. ಜಮೀನು ತಗೊಳ್ಳೋದು ಪಾಪ, ಅದು ಕಳ್ಳತನ ಅಂತ ಹಲವು ಪಾದ್ರಿಗಳು ಬೋಧಿಸಿದರು. ಜಮೀನು ಬೇಕಾದ್ರೆ ಬಂದೂಕು ಹಿಡಿ ಅಂದಿತು ಸರ್ಕಾರ. ಒಂದು ತುಂಡು ನೆಲ ಕೇಳಿದವನೂ, ದೇವರನ್ನು ಉಳಿಸ್ಕೋಬೇಕು ಅಂದವನೂ ಪರಸ್ಪರ ಕೊಂದುಕೊಂಡರು. ಎರಡೂ ಕಡೆ ಸೇರಿ ಸತ್ತವರು ಸುಮಾರು 90,000 ಎನ್ನುತ್ತಾರೆ.

ಸಿನಿಮಾದಲ್ಲಿ ನಮ್ಮನ್ನು ಅಳಿಸೋದು ಹೊಸೆ ಸಾಂಚೆಸ್ ದೆಲ್ ರಿಯೊ, 14ರ ಹುಡುಗ. 1928ರ ಫೆಬ್ರವರಿಯಲ್ಲಿ ಪಾದದ ಚರ್ಮ ಕೊಯ್ದು, ಸ್ಮಶಾನದವರೆಗೆ ನಡೆಸಿ ಕೊಂದರು. 2016ರಲ್ಲಿ ಅವನನ್ನು ಸಂತನೆಂದು ಘೋಷಿಸಲಾಯಿತು. ಆ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ನೆಲ ಪಡೆದದ್ದಕ್ಕೇ ಕ್ರಿಸ್ತೆರೊಗಳ ಕೈಲಿ ಸತ್ತ ಕೂಲಿಕಾರರಿಗಾಗಿ ಅಳೋಕೆ ಸಿನಿಮಾ ನಮಗೆ ಅವಕಾಶ ಕೊಡಲ್ಲ.

ಇನ್ನು ಶಾಂತಿ ಆದ ರೀತಿ ನೋಡಿ. ಅಮೆರಿಕದ ರಾಯಭಾರಿ ಡ್ವೈಟ್ ಮಾರೊ ಮಧ್ಯಸ್ಥಿಕೆ ವಹಿಸಿದ. ಒಂದು ಕಡೆ ಅಧ್ಯಕ್ಷ ಪೋರ್ತೆಸ್ ಹಿಲ್, ಇನ್ನೊಂದು ಕಡೆ ಬಿಷಪ್ಪರು. ಹೋರಾಡಿದವರಿಗೆ ಅಲ್ಲಿ ಕುರ್ಚಿನೇ ಇರಲಿಲ್ಲ. ಇಂಥ ಒಪ್ಪಂದವನ್ನು ವಿರೋಧಿಸಿದ್ದ ದಂಗೆಯ ಸೇನಾಪತಿ ಗೊರೊಸ್ತಿಯೆತಾ 1929ರ ಜೂನ್ 2ರಂದು ಸತ್ತ. ಜೂನ್ 21ಕ್ಕೆ ಒಪ್ಪಂದ ಆಯ್ತು. ಗಂಟೆಗಳು ಮತ್ತೆ ಬಾರಿಸಿದವು. ಕಾನೂನು ಬದಲಾಗಲಿಲ್ಲ, ಪಾದ್ರಿಗಳಿಗೆ ಮತದಾನದ ಹಕ್ಕು ಬಂದದ್ದು 1992ರಲ್ಲಿ. ಆಯುಧ ಕೆಳಗಿಟ್ಟ ಅನೇಕ ಕ್ರಿಸ್ತೆರೊಗಳನ್ನು ಆಮೇಲೆ ಹುಡುಕಿ ಹುಡುಕಿ ಕೊಂದರು.

ಕಾಯೆಸ್ ಮಾಡಿದ್ದೇ ಸರಿ, ಪುರೋಹಿತಶಾಹಿಯನ್ನು ಹಾಗೇ ಮುರೀಬೇಕು ಅನ್ನೋ ಗೆಳೆಯರು ನಮ್ಮಲ್ಲೂ ಇದ್ದಾರೆ. ನಾನು ಒಪ್ಪಲ್ಲ. ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 25ನೇ ವಿಧಿ ಓದಿ. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಜೊತೆಗೆ, ದೇವಸ್ಥಾನದ ಬಾಗಿಲನ್ನು ಹಿಂದೂಗಳ ಎಲ್ಲ ವರ್ಗದವರಿಗೂ ತೆರೆಸುವ ಅಧಿಕಾರ ಪ್ರಭುತ್ವಕ್ಕಿದೆ. ಬಡವನ ದೇವರನ್ನು ಕಿತ್ತುಕೊಳ್ಳೋದು ಬೇರೆ, ದೇವರ ಹೆಸರಲ್ಲಿ ನಿಂತ ಯಜಮಾನಿಕೆ ಮುರಿಯೋದು ಬೇರೆ.

1934ರಿಂದ 1940ರವರೆಗೆ ಅಧ್ಯಕ್ಷನಾಗಿದ್ದ ಕಾರ್ದೆನಾಸ್ ಸುಮಾರು 1.8 ಕೋಟಿ ಹೆಕ್ಟೇರ್ ಹಂಚಿದ. ಅಷ್ಟು ನೆಲ ಮೊದಲೇ ಹಂಚಿದ್ದರೆ, ಹಳ್ಳಿಯ ಗುಡಿಗಂಟೆಯ ಗೋಜಿಗೆ ಹೋಗದೇ ಇದ್ದಿದ್ದರೆ, ಆ 90,000 ಜನರಲ್ಲಿ ಎಷ್ಟು ಮಂದಿ ಉಳೀತಿದ್ರೋ! ಸಿನಿಮಾ ನೋಡಿ, ಆದರೆ ಈ ಪ್ರಶ್ನೆ ಜೊತೆಗಿಟ್ಟುಕೊಂಡು ನೋಡಿ.

ಜೈ ಭೀಮ್.